ಒಂಟಿ ನಟ್ಟಿನ ಚಕ್ರ

ಹಲ್ಲಿನ ಡಾಕ್ಟರಿಗೆ ಕಾರಿನ ಹುಚ್ಚು ಹಿಡಿದದ್ದು ನಲವತ್ತೆಂಟನೆಯ ವಯಸ್ಸಿನಲ್ಲಿ. ಟಿವಿಯಲ್ಲಿ ರೇಸು ನೋಡುತ್ತಾ, ಆ ಕಾರುಗಳ ಚಕ್ರಕ್ಕೆ ಐದು ನಟ್ಟುಗಳ ಬದಲು ನಟ್ಟನಡುವೆ ಒಂದೇ ಒಂದು ದೊಡ್ಡ ನಟ್ಟು ಇರುವುದನ್ನು ಕಂಡು ಮನಸೋತರು. ತಮ್ಮ ಹನ್ನೊಂದು ವರ್ಷದ ಹಳೇ ಕಾರಿಗೂ ಅದೇ ಬೇಕೆಂದು ಗ್ಯಾರೇಜಿನ ಮೇಸ್ತ್ರಿಯ ಬೆನ್ನು ಬಿದ್ದರು.

"ಡಾಕ್ಟ್ರೇ, ಇದು ಅಜ್ಜಿಗೆ ಓಟದ ಬೂಟು ಹಾಕಿದ ಹಾಗಾಗುತ್ತೆ," ಎಂದ ಮೇಸ್ತ್ರಿ.

"ಆಗಲಿ ಬಿಡಿ. ಅಜ್ಜಿಯಂದಿರಿಗೆ ನಾನು ಹೊಸ ಹಲ್ಲು ಹಾಕಲ್ವಾ?"

ಮೇಸ್ತ್ರಿ ಕೆಲಸಕ್ಕೆ ಇಳಿದ. ಒಂದೊಂದು ಹಳೇ ಚಕ್ರ ಕೂರುತ್ತಿದ್ದ ಐದು ಬೋಲ್ಟುಗಳಿಗೂ ಸೇರಿಸಿ ಒಂದು ದಪ್ಪ ಬಿಲ್ಲೆ ಬಿಗಿದು, ಅದರ ಮೇಲೆ ಹೊಸ ಚಕ್ರ ಕೂರಿಸಿ, ಮುಷ್ಟಿಗಾತ್ರದ ನಟ್ಟು ತಿರುಗಿಸಿದ. ಎಡಗಡೆಯವು ಕೆಂಪು, ಬಲಗಡೆಯವು ನೀಲಿ. ಎರಡು ಬಣ್ಣ ಯಾಕೆಂದು ಅವನು ವಿವರಿಸುವಾಗ ಡಾಕ್ಟರು ಫೋಟೊ ತೆಗೆಯುವುದರಲ್ಲಿ ಮುಳುಗಿದ್ದರು. ಅವನು ಕೊಟ್ಟ ಸ್ಪ್ಯಾನರು ಡಿಕ್ಕಿಯಲ್ಲಿ ಹಿಡಿಸದೆ ಹಿಂದಿನ ಸೀಟನ್ನೇರಿತು.

ಶುಕ್ರವಾರ ಅತ್ತೆಯ ತಂಗಿಗೆ ಆಫೀಸಿನಲ್ಲಿ ಬೀಳ್ಕೊಡುಗೆ. ಅಕ್ಕನಾದವರು ಎರಡು ಮಾತಾಡಬೇಕಿತ್ತು. ಕರೆದೊಯ್ಯುವ ಕೆಲಸ ಅಳಿಯನಾದ ಡಾಕ್ಟರ ತಲೆಗೆ ಬಿತ್ತು.

"ಅಳಿಯಂದ್ರೇ, ಈ ಕಬ್ಬಿಣ ಯಾಕೆ ನನ್ನ ಪಕ್ಕ ಕೂತಿದೆ?"

"ಅದು ಸ್ಪ್ಯಾನರು ಅತ್ತೆ. ನೀವು ಸ್ವಲ್ಪ ಸರ್ಕೊಂಡು ಕೂತ್ಕೊಳ್ಳಿ."

"ನಾನೇ ಸರೀಬೇಕಾ? ಸರಿ, ಬಿಡಿ."

ಅರ್ಧ ದಾರಿಯಲ್ಲಿ ಬಲಗಡೆಯ ಮುಂದಿನ ಚಕ್ರ ಪಂಕ್ಚರಾಯಿತು. ಡಾಕ್ಟರಿಗೆ ಒಳಗೊಳಗೇ ಖುಷಿ. ತೋಳು ಮಡಚಿ, ಸ್ಪ್ಯಾನರು ಸಿಕ್ಕಿಸಿ, ಎಳೆದರು. ಒತ್ತಿದರು. ಒದ್ದರು. ಇಪ್ಪತ್ತು ವರ್ಷ ಜನರ ದವಡೆಯಿಂದ ಬೇರುಬಿಟ್ಟ ಹಲ್ಲು ಕಿತ್ತ ಕೈಗೆ ಒಂದು ನಟ್ಟು ಜಗ್ಗಲಿಲ್ಲ. ಎದುರಿನ ಲಾಂಡ್ರಿಯವನು ಬಂದು ಜೋತುಬಿದ್ದ. ಇಬ್ಬರ ಅಂಗಿಯೂ ಬೆವರಿನಲ್ಲಿ ತೊಯ್ದದ್ದಷ್ಟೇ ಬಂದ ಭಾಗ್ಯ.

ಮುಕ್ಕಾಲು ಗಂಟೆ ಕಾದು ಸಾಕಾಗಿ ಅತ್ತೆ ಕೆಳಗಿಳಿದರು.

"ಯಾವ ಕಡೆ ತಿರುಗಿಸ್ತಿದೀರಿ?"

"ಎಲ್ಲರೂ ತಿರುಗಿಸೋ ಕಡೆ."

"ಟೇಬಲ್ ಫ್ಯಾನಿನ ರೆಕ್ಕೆ ಬಿಚ್ಚಿ ಒರೆಸಿದೀರಾ ಯಾವತ್ತಾದ್ರೂ?"

"ಇಲ್ಲ."

"ಗೊತ್ತಿತ್ತು. ಅದರ ನಟ್ಟು ಉಲ್ಟಾ ಇರುತ್ತೆ. ಇದೂ ಹಾಗೇ ಇರಬೇಕು. ಇಷ್ಟೊತ್ತೂ ಬಿಗೀತಾನೇ ಇದ್ರಿ, ಪಾಪ."

ಡಾಕ್ಟರಿಗೆ ಕೆಂಪು, ನೀಲಿ, ಮೇಸ್ತ್ರಿಯ ಬಾಯಿ ಎಲ್ಲ ಒಟ್ಟಿಗೆ ಕಣ್ಣಮುಂದೆ ಬಂದವು. ನೀಲಿ ನಟ್ಟು ಬಿಚ್ಚುವುದು ಉಲ್ಟಾ ಎಂದೇ ಅವನು ಹೇಳಿದ್ದಿರಬೇಕು. ಸ್ಪ್ಯಾನರನ್ನು ಆಚೆಗೆ ತಿರುಗಿಸಿ ಸಿಕ್ಕಿಸಿದರು. ಬಿಗಿದದ್ದು ಬಿಡಲೊಲ್ಲದು. ಅತ್ತೆ ಚಪ್ಪಲಿ ಕಳಚಿ, ಲಾಂಡ್ರಿಯವನ ಹೆಗಲು ಹಿಡಿದು, ಸ್ಪ್ಯಾನರಿನ ತುದಿಯ ಮೇಲೆ ಹತ್ತಿ ನಿಂತರು. ಟಣ್ ಎಂದಿತು ನಟ್ಟು. ಅಳಿಯ ಹಿಡಿಯದಿದ್ದರೆ ಅವರು ರಸ್ತೆಗೇ ಬೀಳುತ್ತಿದ್ದರು.

ಜಾಕ್ ಏರಿಸಿ ಚಕ್ರ ತೆಗೆದ ಮೇಲೆ ಡಾಕ್ಟರು ಡಿಕ್ಕಿಯಿಂದ ಸ್ಟೆಪ್ನಿ ಉರುಳಿಸಿಕೊಂಡು ಬಂದವರು ಹಾಗೇ ಫುಟ್‌ಪಾತಿನ ಮೇಲೆ ಕುಸಿದರು. ಅದು ಹಳೇ ಚಕ್ರ. ಐದು ತೂತಿನದು.

"ಹಳೇ ಬೋಲ್ಟುಗಳು ಎಲ್ಲಿ ಹೋದವು?" ಅತ್ತೆ ಕೇಳಿದರು.

"ಆ ಬಿಲ್ಲೆ ಹಿಂದೆ."

"ಮತ್ತೆ ತಲೆ ಮೇಲೆ ಕೈ ಹೊತ್ಕೊಂಡು ಕೂತ್ರೆ? ಬಿಲ್ಲೆ ಬಿಚ್ಚಿ. ಹಳೇ ಸ್ಪ್ಯಾನರು ಇದ್ಯಲ್ಲ?"

ಇತ್ತು. ಅವರು ಬಿಚ್ಚುತ್ತಾ ಹೋದರು, ಅತ್ತೆ ಒಂದೊಂದೇ ನಟ್ಟನ್ನು ಅಂಗೈಯಲ್ಲಿ ಜೋಪಾನ ಮಾಡುತ್ತಾ ಹೋದರು. ಮೂರು ರೇಸಿನ ಚಕ್ರ, ಒಂದು ತುಕ್ಕಿನ ಚಕ್ರದ ಕಾರು ಆಫೀಸು ತಲುಪಿದಾಗ ಅಲ್ಲಿ ಸಮಾರಂಭ ಮುಗಿದು ಕುರ್ಚಿ ಎತ್ತಿಡುತ್ತಿದ್ದರು. ಅತ್ತೆ ಎಲ್ಲರನ್ನೂ ಮತ್ತೆ ಕೂರಿಸಿ, ತಂಗಿಯ ಬಗ್ಗೆ ಎರಡು ಮಾತು, ನಟ್ಟಿನ ಬಗ್ಗೆ ಇಪ್ಪತ್ತು ಮಾತು ಆಡಿದರು. ಗ್ರೀಸಾದ ಕೈಯಲ್ಲೇ ದೊಡ್ಡ ಸಾಹೇಬರ ಕೈ ಕುಲುಕಿದರು. ಸಾಹೇಬರು ಅಂಗೈ ನೋಡಿಕೊಂಡು, ಎಲ್ಲಿ ಒರೆಸುವುದೆಂದು ತಿಳಿಯದೆ, ಹಾಗೇ ಚಪ್ಪಾಳೆ ತಟ್ಟಿದರು. ಡಾಕ್ಟರಿಗೆ ಬೆಳಗಿನಿಂದ ಮೊದಲ ಸಲ ನಗು ಬಂತು.

ವಾಪಸು ಬರುವಾಗ ಅತ್ತೆ ಮುಂದಿನ ಸೀಟಿನಲ್ಲಿ ಕೂತು ಕಿಟಕಿ ಇಳಿಸಿದರು.

"ಅಳಿಯಂದ್ರೇ, ಸ್ವಲ್ಪ ಜೋರಾಗಿ ಓಡ್ಸಿ ನೋಡೋಣ."

"ಬೇಡ ಅತ್ತೆ," ಎಂದರು ಡಾಕ್ಟರು ಸ್ಟೇರಿಂಗ್ ಬಿಗಿಹಿಡಿದು. ಪಕ್ಕದಲ್ಲಿ ಒಂದು ಸೈಕಲ್ಲು ಅವರನ್ನು ಹಿಂದೆ ಹಾಕಿ ಮುಂದೆ ಹೋಯಿತು.