ಮಾವನ ದಾರಿಗೆ ಅಡ್ಡ

ಆ ಭಾನುವಾರ ಇಸಿಕ್‌ಕುಲ್ ಸರೋವರದ ಮೇಲೆ ಗಾಳಿ ಇತ್ತೋ ಇಲ್ಲವೋ ಎಂದು ಕೇಳಿದರೆ ಬುರುಲ್ ಇವತ್ತಿಗೂ ತಡವರಿಸುತ್ತಾಳೆ. ಪಶ್ಚಿಮದ ಉಲಾನ್ ಬೀಸಿದರೆ ಅದರ ಗತ್ತೇ ಬೇರೆ. ಪೂರ್ವದ ಸಾನ್‌ತಾಶ್ ಬಂದರೂ ಒಂದು ಲೆಕ್ಕ ಸಿಗುತ್ತದೆ. ಅವತ್ತು ಎರಡೂ ಬರಲಿಲ್ಲ. ಹೆಸರಿಲ್ಲದ ಯಾವುದೋ ಸೋಮಾರಿ ಗಾಳಿ ಒಂದು ಗಳಿಗೆ ಹಾಯಿಯನ್ನು ಉಬ್ಬಿಸುತ್ತಿತ್ತು, ಮರುಗಳಿಗೆ ಹಾಯಿ ಒದ್ದೆ ಬಟ್ಟೆಯ ಹಾಗೆ ಜೋತುಬೀಳುತ್ತಿತ್ತು. ಹಲಗೆಯ ಮೇಲೆ ನಿಂತು, ಹಾಯಿಯನ್ನು ಕೈಯಲ್ಲೇ ಹಿಡಿದು ಸಾಗುವ ಪಂದ್ಯಕ್ಕೆ ಇಂಥ ದಿನ ಯಾರಿಗೆ ಬೇಕು ಹೇಳಿ. ಆದರೆ ಅದು ವರ್ಷದ ಕೊನೆಯ ಪಂದ್ಯ, ಮುಂದೂಡುವ ಹಾಗಿರಲಿಲ್ಲ.

ಬಾಲಿಕ್ಚಿಯ ಆ ಕ್ಲಬ್ಬಿನಲ್ಲಿ ಹಳೆಯದೊಂದು ಕಟ್ಟಳೆ ಇದೆ. ಕೊನೆಯ ಪಂದ್ಯ ಗೆದ್ದವರಿಗೇ ಮುಂದಿನ ವರ್ಷ ದಡದ ಶೆಡ್ಡಿನ ಯಜಮಾನಿಕೆ. ಯಾರ ಹಲಗೆ ಒಳಗಿರಬೇಕು, ಯಾವ ದಿನ ಯಾರು ನೀರಿಗಿಳಿಯಬೇಕು ಎನ್ನುವುದೆಲ್ಲ ಅವರು ಹೇಳಿದ ಹಾಗೆ. ಕ್ಲಬ್ಬು ಹುಟ್ಟಿಸಿದವನು ಬುರುಲ್‌ಳ ಮಾವ ಶೇರ್ಗಾಜಿ. ಅವತ್ತಿನಿಂದ ಕೊನೆಯ ಪಂದ್ಯ ಗೆಲ್ಲುತ್ತಾ ಬಂದವನೂ ಅವನೇ. ಅವನ ಯಜಮಾನಿಕೆಯಲ್ಲಿ ಬುಧವಾರ ಹೆಂಗಸರ ದಿನ. ಬುರುಲ್ ಊರಿನ ಹೆಂಗಸರಿಗೆ ಹಲಗೆಯ ಮೇಲೆ ನಿಲ್ಲುವುದನ್ನು ಕಲಿಸುತ್ತಿದ್ದಳು. ರೊಟ್ಟಿ ಅಂಗಡಿಯ ಅಯ್ದಾಯ್ ಬರುತ್ತಿದ್ದಳು, ರೈಲು ನಿಲ್ದಾಣದ ಟಿಕೆಟ್‌ನವಳು ಬರುತ್ತಿದ್ದಳು, ಮೊಮ್ಮಕ್ಕಳನ್ನು ಕಂಡ ಅಜ್ಜಿಯರೂ ಬಂದು ನೀರಿಗೆ ಬಿದ್ದು ನಕ್ಕು ಹೋಗುತ್ತಿದ್ದರು. ಬುರುಲ್‌ಳ ಗಂಡನಿಗೆ ನೀರೆಂದರೆ ಚಹಾ ಮಾತ್ರ. ತನ್ನ ಅಪ್ಪನಿಗೂ ಹೆಂಡತಿಗೂ ಒಟ್ಟಿಗೇ ತಲೆ ಕೆಟ್ಟಿದೆ ಎಂದು ಅವನು ಇಬ್ಬರನ್ನೂ ಎಂದೋ ಅವರ ಪಾಡಿಗೆ ಬಿಟ್ಟಿದ್ದ.

ಈ ಸಲ ಶೆಡ್ಡಿನ ಮೇಲೆ ಕುತ್‌ಮಾನ್‌ನ ಕಣ್ಣು ಬಿದ್ದಿತ್ತು. ಕೆಟ್ಟವನೇನಲ್ಲ, ಗಟ್ಟಿ ಆಳು. ಪ್ರವಾಸಿಗರಿಗಾಗಿ ನೀರಿನ ಮೇಲೆ ಓಡುವ ಮೋಟಾರು ಸ್ಕೂಟರುಗಳನ್ನು ತಂದು ಶೆಡ್ ತುಂಬಿಸುತ್ತೇನೆ, ಆಮೇಲೆ ಬುಧವಾರವೂ ಇಲ್ಲ ಗುರುವಾರವೂ ಇಲ್ಲ ಎಂದು ಎಲ್ಲರೆದುರೇ ಹೇಳಿದ್ದ. ಮುಚ್ಚುಮರೆ ಮಾಡಲಿಲ್ಲ ಎನ್ನುವುದೊಂದೇ ಅವನ ದೊಡ್ಡಸ್ತಿಕೆ.

ಬೆಳಿಗ್ಗೆ ಹಾಯಿ ಕಟ್ಟುವಾಗ ಮಾವ ಹೇಳಿದ್ದ, "ಇವತ್ತು ನನ್ನ ಮೈತೂಕಕ್ಕೆ ಈ ಗಾಳಿ ಸಾಲೋದಿಲ್ಲ ಮಗಳೇ. ನೀನು ಹಗುರ ಇದೀಯ. ನಾನು ಗೆದ್ರೂ ಒಂದೇ, ನೀನು ಗೆದ್ರೂ ಒಂದೇ. ಅವನು ಗೆಲ್ಲಬಾರದು ಅಷ್ಟೇ."

"ಆಯ್ತು ಅತಾ," ಎಂದಿದ್ದಳು ಬುರುಲ್, ಅಪ್ಪನನ್ನು ಕರೆಯುವ ಹಾಗೆ.

ಹೇಳುವಷ್ಟು ಸುಲಭವಾಗಿದ್ದರೆ ಚೆನ್ನಾಗಿತ್ತು.

ಮೇಲಿನ ಕಿತ್ತಳೆ ಬಣ್ಣದ ತೇಲುಗುಂಡನ್ನು ಸುತ್ತಿ, ಕೆಳಗೆ ತೀರ್ಪುಗಾರ್ತಿ ಗಲೀನಾ ಪೆಟ್ರೋವ್ನಾಳ ದೋಣಿಯ ಪಕ್ಕದ ಗೆರೆ ದಾಟಿದರೆ ಪಂದ್ಯ ಮುಗಿಯುತ್ತದೆ. ತೇಲುಗುಂಡು ಗಾಳಿಯ ಎದುರಿಗಿತ್ತು, ಹಾಗಾಗಿ ಎಲ್ಲರೂ ಓರೆಓರೆಯಾಗಿ ಹತ್ತಬೇಕು. ಅರ್ಧ ದಾರಿ ಕಳೆಯುವಷ್ಟರಲ್ಲಿ ಉಳಿದವರೆಲ್ಲ ಹಿಂದೆ ಬಿದ್ದರು. ಬುರುಲ್ ಬಲದ ಕಡೆಯಿಂದ ಹತ್ತುತ್ತಿದ್ದಳು, ಮಾವ ಎಡದ ಕಡೆಯಿಂದ. ಕುತ್‌ಮಾನ್ ಸ್ವಲ್ಪ ಹಿಂದೆ ಇದ್ದ. ಎರಡು ದಾರಿಗಳು ಒಂದೇ ಕಡೆ ಕೂಡುತ್ತವೆ ಎನ್ನುವುದು ಬುರುಲ್‌ಗೆ ಆಗ ಕಂಡಿತು.

ನೀರಿನ ನಿಯಮ ಸರಳ. ಬಲಗೈ ಹಾಯಿಯ ಕಂಬದ ಹತ್ತಿರ ಇದ್ದವರಿಗೆ ದಾರಿ, ಎಡಗೈ ಹತ್ತಿರ ಇದ್ದವರು ತಪ್ಪಿಕೊಂಡು ಹೋಗಬೇಕು. ಬುರುಲ್‌ಳ ಬಲಗೈ ಕಂಬದ ಹತ್ತಿರವಿತ್ತು. ದಾರಿ ಅವಳದೇ. ಆದರೆ ಮನೆಯ ನಿಯಮ ಇನ್ನೂ ಸರಳ. ಸೊಸೆಯಾದವಳು ಮಾವನ ಹೆಸರೆತ್ತುವಂತಿಲ್ಲ, ಮಾವನ ದಾರಿಗೆ ಅಡ್ಡ ಹಾಯುವಂತಿಲ್ಲ, ಅವನ ಬೆನ್ನ ಹಿಂದಿನಿಂದಲೇ ಸುತ್ತಿಕೊಂಡು ಹೋಗಬೇಕು. ಮದುವೆಯಾದಾಗಿನಿಂದ ಒಂದು ಚಹಾದ ಕೆಟಲು ತರುವುದಕ್ಕೂ ಅವಳು ಇಡೀ ಕೋಣೆ ಸುತ್ತಿದವಳು. ನೀರಿನ ಮೇಲೆ ಈ ಪೀಕಲಾಟ ಬಂದಿರಲಿಲ್ಲ, ಯಾಕೆಂದರೆ ಗಾಳಿ ಜೋರಿದ್ದಾಗ ಮಾವ ಯಾವಾಗಲೂ ಎಷ್ಟೋ ಮುಂದೆ ಇರುತ್ತಿದ್ದ.

ಅವಳು ಮಾವನ ಬೆನ್ನ ಹಿಂದೆ ಹೋಗಲೆಂದು ಹಲಗೆಯ ಮೂತಿಯನ್ನು ಕೆಳಗೆ ತಿರುಗಿಸಿದಳು. ಅದೇ ಹೊತ್ತಿಗೆ ಮಾವ, ನಿಯಮದ ಪ್ರಕಾರ ಅವಳ ಹಿಂದೆ ಹೋಗಲೆಂದು ತನ್ನದನ್ನೂ ಕೆಳಗೆ ತಿರುಗಿಸಿದ. ಇಬ್ಬರೂ ನೇರ ಮುಖಾಮುಖಿಯಾದರು. ಗಾಬರಿಯಾಗಿ ಅವಳು ಮೇಲೆ ತಿರುಗಿಸಿದಳು, ಅವನೂ ಮೇಲೆ ತಿರುಗಿಸಿದ. ಕಿರಿದಾದ ಬಾಗಿಲಲ್ಲಿ ಎದುರಾದ ಇಬ್ಬರು ನೆಂಟರ ಹಾಗಾಯಿತು ಅವರ ಪಾಡು. ಇದ್ದ ಚೂರು ಗಾಳಿಯೂ ಹಾಯಿಗಳಿಂದ ಜಾರಿತು. ಎರಡು ಹಲಗೆಗಳೂ ನಿಂತವು.

"ಹೋಗೇ," ಅಂದ ಮಾವ.

"ನೀವು ಹೋಗಿ ಅತಾ."

"ನಿನ್ನ ಬಲಗೈ ಎಲ್ಲಿದೆ ನೋಡ್ಕೋ. ದಾರಿ ನಿನ್ನದು."

"ಹೇಗೆ ಹೋಗಲಿ ನಿಮ್ಮ ಮುಂದೆ? ಎಲ್ರೂ ನೋಡ್ತಿದಾರೆ."

"ನಾನು ಮುಂದೆ ಹೋದ್ರೆ ನಿಯಮ ತಪ್ಪಿದ ಹಾಗಾಗುತ್ತೆ. ನಿಯಮ ಬರೆದೋನೇ ನಾನು."

"ಹಾಗಾದ್ರೆ ನಿಮ್ಮ ಹಿಂದೆ ಹೋಗ್ತೀನಿ, ನೀವು ಅಲ್ಲಾಡಬೇಡಿ."

"ಅಲ್ಲಾಡದೆ ಇರೋಕೆ ಇದೇನು ಕುದುರೆ ಕಟ್ಟೋ ಗೂಟವಾ?"

ಕುತ್‌ಮಾನ್ ಹತ್ತಿರವಾಗುತ್ತಿದ್ದ. ನಿಯಮ ಬೇಕೋ ಮರ್ಯಾದೆ ಬೇಕೋ, ಮಾವ ನಿಜಕ್ಕೂ ಹೋಗು ಎನ್ನುತ್ತಿದ್ದಾನೋ ಪರೀಕ್ಷೆ ಮಾಡುತ್ತಿದ್ದಾನೋ, ತಲೆಬುಡ ತಿಳಿಯದೆ ಬುರುಲ್‌ಗೆ ಅಳು ಬರುವ ಹಾಗಾಯಿತು.

ಆಗ ಶೇರ್ಗಾಜಿ ವಿಚಿತ್ರವಾದದ್ದನ್ನು ಮಾಡಿದ. ಕೈಯಲ್ಲಿದ್ದ ಹಾಯಿಯನ್ನು ನೀರಿಗೆ ಬಿಟ್ಟುಬಿಟ್ಟ. ಹಲಗೆಯ ಮೇಲೆ ಮೆಲ್ಲಗೆ ಕೂತು, ಕಾಲು ಮಡಚಿ, ಹಿಮದ ಬೆಟ್ಟಗಳ ಕಡೆಗೆ ಮುಖ ಮಾಡಿ ಸೊಸೆಗೆ ಬೆನ್ನು ತಿರುಗಿಸಿದ.

ದಾರಿ ತೆರೆಯಿತು. ಅವಳು ಈಗ ಎಲ್ಲಿಂದ ಹೋದರೂ ಅವನ ಬೆನ್ನ ಹಿಂದೆಯೇ ಹೋದ ಹಾಗೆ. ಆದರೆ ಶೇರ್ಗಾಜಿ ಬೆನ್ನು ತಿರುಗಿಸಿದನೆಂದರೆ ಊರಿಗೇ ಗೊತ್ತು ಅದರ ಅರ್ಥ. ಸ್ವಂತ ತಮ್ಮನಿಗೆ ಒಮ್ಮೆ ಹೀಗೇ ಬೆನ್ನು ತಿರುಗಿಸಿದವನು, ತಮ್ಮನ ಮಗನ ಮದುವೆಗೂ ಹೋಗಿರಲಿಲ್ಲ. ಇದು ದಾರಿ ಬಿಟ್ಟದ್ದೋ ಸಂಬಂಧ ಬಿಟ್ಟದ್ದೋ? ಬುರುಲ್ ಕೇಳಲಾರದೆ, ನಿಲ್ಲಲಾರದೆ, ಹಾಯಿಯನ್ನು ಎಳೆದು ಹಿಡಿದು ಹೊರಟಳು.

ತೇಲುಗುಂಡನ್ನು ಅವಳೇ ಮೊದಲು ಸುತ್ತಿದಳು. ಇನ್ನು ಗಾಳಿ ಬೆನ್ನಿಗೆ, ಇಳಿಜಾರಿನ ದಾರಿ. ಕುತ್‌ಮಾನ್ ಹಿಂದೆ ಉಳಿದಿದ್ದ. ಕೆಳಗೆ ಗಲೀನಾ ಪೆಟ್ರೋವ್ನಾ ಹಾರ್ನು ಹಿಡಿದು ಎದ್ದು ನಿಂತಿದ್ದು ಕಾಣಿಸಿತು. ಹೀಗೇ ಹೋದರೆ ಗೆಲುವು, ಶೆಡ್ಡು, ಬುಧವಾರ, ಎಲ್ಲ ಉಳಿಯುತ್ತದೆ. ಅಷ್ಟರಲ್ಲಿ ಅವಳ ಕಣ್ಣು ಪಕ್ಕಕ್ಕೆ ಹೋಯಿತು.

ಮಾವ ಇನ್ನೂ ಹಾಗೇ ಕೂತಿದ್ದ. ಹಾಯಿ ನೀರಿನಲ್ಲೇ ಬಿದ್ದಿತ್ತು. ಬೆನ್ನು ಹಾಗೇ ಇತ್ತು.

ಕೋಪ ಇಳಿದಿಲ್ಲ ಎಂದುಕೊಂಡಳು. ಅಲ್ಲ, ದಣಿವಾರಿಸಿಕೊಳ್ಳುತ್ತಿರಬೇಕು. ಅದೂ ಅಲ್ಲ, ಶೇರ್ಗಾಜಿ ಪಂದ್ಯದ ಮಧ್ಯೆ ದಣಿವಾರಿಸಿಕೊಂಡದ್ದನ್ನು ಯಾರು ಕಂಡಿದ್ದಾರೆ? ಗೆರೆ ದಾಟಿ ಆಮೇಲೆ ಬರೋಣ ಎಂದಿತು ಒಂದು ಮನಸ್ಸು. ಈ ಗಾಳಿಯಲ್ಲಿ ಆಮೇಲೆ ಎದುರು ಹತ್ತಿ ಬರುವುದಕ್ಕೆ ಎಷ್ಟು ಹೊತ್ತು ಬೇಕು ಗೊತ್ತಾ ಎಂದಿತು ಇನ್ನೊಂದು. ಅಕ್ಟೋಬರಿನ ನೀರು ಕಾಲನ್ನು ಕೊರೆಯುತ್ತಿತ್ತು. ಬುರುಲ್ ತನಗೆ ತಾನೇ ಬೈದುಕೊಂಡು ಹಲಗೆಯನ್ನು ಪಕ್ಕಕ್ಕೆ ತಿರುಗಿಸಿದಳು.

ಕುತ್‌ಮಾನ್ ಹಾದುಹೋಗುವಾಗ ಕಣ್ಣುಬಾಯಿ ಬಿಟ್ಟು ನೋಡಿದ. "ಎಜೆ, ಗೆರೆ ಆ ಕಡೆ ಇದೆ ಅಕ್ಕಾ."

"ಗೊತ್ತು ತಮ್ಮಾ."

"ಅವರಿಗೇನಾಗಿದೆ?"

"ಗೊತ್ತಿಲ್ಲ."

ಅವನ ಹಲಗೆ ಒಂದು ಕ್ಷಣ ಅನುಮಾನಿಸಿತು. ಆಮೇಲೆ ಗೆರೆಯ ಕಡೆಗೇ ಹೋಯಿತು.

ಬುರುಲ್ ಹತ್ತಿರ ಬಂದಾಗ ಮಾವ ತಿರುಗಿ ನೋಡಲಿಲ್ಲ. ನೀರಿನ ಸದ್ದು ಕೇಳಿ ಬೆಟ್ಟಗಳನ್ನೇ ಕೇಳಿದ, "ಯಾರು? ಕುತ್‌ಮಾನಾ?"

"ನಾನು ಅತಾ."

"ಮುಗಿಸಿದೆಯಾ? ಹಾರ್ನ್ ಕೇಳಿಸಲಿಲ್ಲವಲ್ಲ."

"ಇಲ್ಲ. ನಿಮಗೇನಾಯ್ತೋ ಅಂತ ಬಂದೆ. ನನ್ನ ಮೇಲೆ ಸಿಟ್ಟಾ?"

ಅವನು ಉತ್ತರ ಕೊಡುವ ಮೊದಲೇ ಹಾರ್ನು ಕೂಗಿತು. ನೀರಿನ ಮೇಲೆ ಆ ಸದ್ದು ಬಹಳ ಹೊತ್ತು ನಿಂತಿತ್ತು. ಶೇರ್ಗಾಜಿಯ ಭುಜಗಳು ಕುಸಿದವು.

"ಹಾಳು ಮಾಡಿದೆಯಲ್ಲೇ," ಅಂದ. "ನಿನ್ನ ದಾರಿಗೆ ಅಂತ ಕೂತೆ. ನಾನು ನೋಡದೇ ಇದ್ರೆ ನಿನಗೆ ಸಂಕೋಚ ಇರೋದಿಲ್ಲ ಅಂತ ಆ ಕಡೆ ತಿರುಗಿದೆ. ಅಷ್ಟೂ ತಿಳೀಲಿಲ್ವಾ?"

"ಮತ್ತೆ ಆಮೇಲೆ ಯಾಕೆ ಏಳಲಿಲ್ಲ?"

ಬುರುಲ್ ತನ್ನ ಹಲಗೆಯನ್ನು ಸುತ್ತಿಸಿ ಅವನ ಎದುರಿಗೆ ಬಂದಳು. ಅಡ್ಡ ಬಂದೆನೋ ಉದ್ದ ಬಂದೆನೋ ಎನ್ನುವ ಯೋಚನೆ ಆಗ ಅವಳಿಗೆ ಬರಲಿಲ್ಲ. ಅವನ ತುಟಿ ನೀಲಿಗಟ್ಟಿತ್ತು. ಎರಡು ಕೈಗಳಿಂದ ಮೊಣಕಾಲನ್ನು ಹಿಡಿದುಕೊಂಡಿದ್ದ.

"ಏಳೋಕಾಗಲಿಲ್ಲ," ಎಂದ ಕೊನೆಗೆ. "ಕೂತೆ. ಮೊಣಕಾಲು ಹಿಡ್ಕೊಂಡುಬಿಡ್ತು. ಎರಡೂ."

"ಒಂದು ಕೂಗು ಹಾಕಬಾರದಿತ್ತಾ? ಕೂಗಳತೇಲೇ ಇದ್ದೆನಲ್ಲ ನಾನು."

"ಕೂಗಿದ್ರೆ ನೀನು ತಿರುಗಿ ಬರ್ತಿದ್ದೆ. ಅದಕ್ಕೇ ಕೂಗಲಿಲ್ಲ."

ಬುರುಲ್‌ಗೆ ಮೈಯೆಲ್ಲ ಉರಿಯಿತು. ಆ ಮನೆಗೆ ಬಂದಾಗಿನಿಂದ ಮಾವನೆದುರು ದನಿ ಎತ್ತದವಳು ಅವತ್ತು ಎತ್ತಿದಳು. "ನಿಮಗೆ ಬುದ್ಧಿ ಇದೆಯಾ? ತಲೆ ನೆಟ್ಟಗಿದೆಯಾ? ಇಲ್ಲೇ ಕೊರಡಾಗಿ ಹೋಗಿದ್ರೆ ನಿಮ್ಮ ಮಗನಿಗೆ ನಾನು ಏನು ಹೇಳಬೇಕಿತ್ತು? ಶೆಡ್ ಉಳೀತು, ಅಪ್ಪ ಹೋದ್ರು ಅನ್ನಬೇಕಿತ್ತಾ? ಕಾಲು ಚಾಚಿ. ಚಾಚಿ ಅಂದೆ. ಹೊಟ್ಟೆ ಮೇಲೆ ಮಲಗಿ. ನನ್ನ ಹಲಗೆ ಮೇಲೆ ಕಾಲು ಸಿಗಿಸೋ ಪಟ್ಟಿ ಹಿಡ್ಕೊಳ್ಳಿ, ಬಿಟ್ಟೀರಿ ಮತ್ತೆ."

ಕ್ಲಬ್ಬಿನ ಯಜಮಾನ ಒಂದಕ್ಕೂ ಎದುರಾಡದೆ, ಹೇಳಿದ ಹಾಗೆ ನರಳುತ್ತಾ ಕಾಲು ಚಾಚಿ, ಬೋರಲು ಮಲಗಿ, ಪಟ್ಟಿ ಹಿಡಿದುಕೊಂಡ. ಅವಳು ಹಾಯಿ ಎತ್ತಿದಳು. ಗಾಳಿ ಎಲ್ಲಿತ್ತೋ ಪಾಪ, ಇಬ್ಬರನ್ನೂ ಎಳೆಯುವಷ್ಟು ಬಂತು.

ಸ್ವಲ್ಪ ದೂರ ಹೋದ ಮೇಲೆ ಹಿಂದಿನಿಂದ ಸಣ್ಣ ದನಿ ಕೇಳಿಸಿತು. "ಬುಧವಾರದ ಹೆಂಗಸರಿಗೆ ಏನು ಹೇಳ್ತೀ?"

"ಮಾತಾಡಬೇಡಿ. ಪಟ್ಟಿ ಹಿಡ್ಕೊಳ್ಳಿ," ಎಂದಳು ಬುರುಲ್. ಅವಳು ಅಳುತ್ತಿದ್ದಳು. ಸಿಟ್ಟಿಗೋ, ಸೋಲಿಗೋ, ಮುದುಕ ಉಳಿದನೆಂಬ ಸಮಾಧಾನಕ್ಕೋ ಎಂದು ಅವಳಿಗೇ ಗೊತ್ತಾಗಲಿಲ್ಲ.

ದೋಣಿಕಟ್ಟೆಯ ಮೇಲೆ ಆ ಹೆಂಗಸರೆಲ್ಲ ಬಿಸಿ ಚಹಾದ ಫ್ಲಾಸ್ಕು, ಬೊರ್ಸೊಕ್ ಎಂಬ ಹಿಟ್ಟಿನ ತುಂಡುಗಳನ್ನು ಕರಿದುಕೊಂಡು ತಂದ ಚೀಲ, ಕಂಬಳಿ ಎಲ್ಲ ಹರವಿಕೊಂಡು ಕೂತಿದ್ದರು. ಬಿಸಿಲು ಅವರ ಕಣ್ಣಿಗೇ ಹೊಡೆಯುತ್ತಿತ್ತು. ದೂರದಲ್ಲಿ ಹಾರ್ನು ಕೇಳಿಸಿತ್ತು, ಗೆರೆ ದಾಟಿದ್ದು ಯಾರೆಂದು ಕಂಡಿರಲಿಲ್ಲ. ಕುತ್‌ಮಾನ್ ಇನ್ನೂ ಗಲೀನಾಳ ದೋಣಿಯ ಹತ್ತಿರವೇ ಇದ್ದ. ಮಾವ ಸೊಸೆ ಒಟ್ಟಿಗೇ ಮೊದಲು ದಡಕ್ಕೆ ಬರುವುದನ್ನು ಕಂಡು ಅವರು ಎದ್ದು ನಿಂತು ಚಪ್ಪಾಳೆ ತಟ್ಟತೊಡಗಿದರು.

ಅಯ್ದಾಯ್ ಕಂಬಳಿ ಹಿಡಿದು ಮೊಣಕಾಲವರೆಗೆ ನೀರಿಗೆ ಇಳಿದು ಬಂದಳು. "ಎಜೆ, ಹಾರ್ನ್ ಆಗಿದ್ದು ನಿಮಗೇ ತಾನೇ?"

ಬುರುಲ್ ಮಾವನ ಕಡೆ ನೋಡಿದಳು. ಅವನು ಹಲಗೆಗೆ ಮುಖ ಒತ್ತಿ ಮಲಗಿದ್ದ.

"ಇಲ್ಲ ಕಣೇ," ಎಂದಳು. "ಕುತ್‌ಮಾನ್‌ಗೆ."

ಅಯ್ದಾಯ್‌ಳ ಕೈಯಲ್ಲಿದ್ದ ಕಂಬಳಿಯ ತುದಿ ನೀರಿಗೆ ಬಿತ್ತು. ಕಟ್ಟೆಯ ಮೇಲಿದ್ದವರಿಗೆ ಮಾತು ಕೇಳಿಸಲಿಲ್ಲ. ಅವರು ಚಪ್ಪಾಳೆ ತಟ್ಟುತ್ತಲೇ ಇದ್ದರು.