ಬೋಣಿ ಪುಟದ ಅರಿಶಿನ

ಉಗುರಿನ ಸಂದಿಗೆ ಹಳದಿ ಪುಡಿ, ಇದೇನಿದು, ಓ ಅರಿಶಿನ, ಹತ್ತೊಂಬತ್ತು ವರ್ಷದ ಹಳೇ ಅರಿಶಿನ, ಲೆಡ್ಜರಿನ ಮೊದಲೆರಡು ಹಾಳೆ ಕಚ್ಚಿಕೊಂಡು ಒಂದೇ ಆಗಿಬಿಟ್ಟಿವೆ, ಕವನಾ ಸ್ಕೇಲಿನ ಅಂಚು ತೂರಿಸಿ ಮೆಲ್ಲಗೆ ಬಿಡಿಸುತ್ತಾಳೆ — ಆಡಿಟರ ಆಫೀಸಿನ ಮೇಜಿನಾಚೆ ಹಾಸನದ ಆಲೂಗೆಡ್ಡೆ ಮಂಡಿ ಸಾಹುಕಾರ ಗಂಗಾಧರಯ್ಯ ಕಾಫಿ ಹೀರುತ್ತ ಕೂತಿದ್ದಾನೆ, ಬೇಗ ನೋಡವ್ವಾ, ಭಾಗದ ಕೇಸ್ಗೆ ಅಳೇ ಲೆಕ್ಕ ಎಲ್ಲ ಬೇಕಂತೆ, ಇವಳು ಯಾರ ಮಗಳೆಂದು ಅವನಿಗೆ ಗೊತ್ತಿಲ್ಲ, ಗೊತ್ತಾಗದಿದ್ದರೇ ವಾಸಿ — ಹಾಳೆ ಬಿಟ್ಟಿತು. ಯುಗಾದಿ ಬೋಣಿ, ಅರಕಲಗೂಡು ಬೋರಪ್ಪ, ಬಿತ್ತನೆ ಗೆಡ್ಡೆ, ನಲವತ್ತು ಮೂಟೆ, ಸಾಲ. ನಲವತ್ತು! ಅಯ್ಯೋ ಶಿವನೇ, ಅದೇ ನಲವತ್ತು.

ಗೋದಾಮಿನಲ್ಲಿ ಕಡಿಮೆ ಬಿದ್ದ ನಲವತ್ತು, ಬೀಗದ ಕೈ ಇದ್ದದ್ದು ಮಂಡಿಯಲ್ಲಿ ಕೆಲಸಕ್ಕಿದ್ದ ಅಪ್ಪ ಚನ್ನಪ್ಪನ ಹತ್ತಿರ, ಉಂಡ ಮನೆ ಜಂತೆ ಎಣಿಸ್ಬುಟ್ಟಲ್ಲೋ ಚನ್ನಪ್ಪಾ ಅಂತ ಇದೇ ಗಂಗಾಧರಯ್ಯ ಬೀದಿಯಲ್ಲಿ ನಿಲ್ಲಿಸಿ ಕೂಗಿದ್ದ, ಇಲ್ಲ ಸಾ, ಬೋರಪ್ಪುಂಗೆ ಕೊಡು ಅಂತ ನೀವೇ ಯೋಳಿದ್ರಿ ಸಾ, ಬರ್ಕೊಂಡ್ರಲ್ಲ ಸಾ, ಅಂಗಾದ್ರೆ ಎಲ್ಲಯ್ತೆ ತೋರ್ಸ್ಲಾ — ಎಲ್ಲೂ ಇರಲಿಲ್ಲ, ಆ ಹಾಳು ಬೋರಪ್ಪ ನಂಗೇನ್ ಗೊತ್ತು ಅಂದುಬಿಟ್ಟ, ಅಪ್ಪ ಕಳ್ಳನಾದ. ಯಾವ ವ್ಯಾಪಾರವಾದರೂ ಮೊದಲು ದಿನವಹಿಗೆ, ಅಲ್ಲಿಂದ ಅವರವರ ಖಾತೆಯ ಪುಟಕ್ಕೆ, ಒಂದು ಕಡೆ ಕಣ್ಣು ತಪ್ಪಿದರೂ ಇನ್ನೊಂದು ಕಡೆ ಸಿಕ್ಕಿಬೀಳುತ್ತದೆ, ಬಿ.ಕಾಂ. ಓದಿ ಕವನಾ ಕಲಿತದ್ದೇ ಅದು, ಈ ಮಹಾರಾಯ ಮುಹೂರ್ತ ಮೀರುತ್ತದೆಂದು ದಿನವಹಿ ಬಿಟ್ಟು ನೇರ ಖಾತೆಗೇ ಗೀಚಿದ್ದಾನೆ, ಅವನದೇ ಸೊಟ್ಟ ಅಕ್ಷರ, ಮೇಲೆ ಒದ್ದೆ ಅರಿಶಿನ, ಪುಸ್ತಕ ಮುಚ್ಚಿ ಪೂಜೆ, ಹಾಳೆ ಅಂಟಿ ಬರೆದದ್ದು ಒಳಗೇ ಉಳಿದಿದೆ. ಅಪ್ಪ ಇವತ್ತಿಗೂ ಮಂಡಿ ಬೀದಿ ತಪ್ಪಿಸಿ ಸುತ್ತಿ ಬರುತ್ತಾನೆ, ಸಾಯಂಕಾಲ ಹೇಳಬೇಕು, ಅಪ್ಪಾ ಸಿಕ್ತು ಕಣಪ್ಪಾ, ಅದಕ್ಕೆ ಮೊದಲು ಈ ಪುಟ ಇವನ ಮುಖಕ್ಕೆ ಹಿಡಿಯಬೇಕು, ಯಾರ ಹಾಳು ಕೈ ಇಷ್ಟು ಅರಿಶಿನ ಮೆತ್ತಿತ್ತೋ — ಬೋರಪ್ಪನ ಹೆಸರಿನ ಕೆಳಗೆ ಹೆಬ್ಬೆರಳಿನ ಗುರುತು, ಚಿಕ್ಕದು, ಇಷ್ಟು ಚಿಕ್ಕದು ಯಾರದು, ಆ ಯುಗಾದಿಯ ದಿನ ಹೊಸ ಲಂಗ ಚುಚ್ಚುತ್ತಿತ್ತು, ಅಪ್ಪನ ಕೈ ಹಿಡಿದಿದ್ದಳು, ಐದು ವರ್ಷ, ಇದೇ ಗಂಗಾಧರಯ್ಯ ಅರಿಶಿನದ ಬಟ್ಟಲು ಮುಂದೆ ಹಿಡಿದಿದ್ದ, ಲಕ್ಷ್ಮಿ ಅಂಗವ್ಳೆ ಕಣ್ಲಾ ನಿನ್ ಮಗ್ಳು, ಇವಳ ಕೈಲೇ ಅಚ್ಚಿಸ್ಲಾ, ಇನ್ನೂ ಅಚ್ಚವ್ವಾ, ಗಟ್ಯಾಗಿ ಒತ್ತವ್ವಾ — ಒತ್ತಿದ್ದಳು, ಎಲ್ಲರೂ ನಕ್ಕಿದ್ದರು, ಅಪ್ಪನೂ ನಕ್ಕಿದ್ದ. ಏನವ್ವಾ, ಏನಾರ ಸಿಕ್ತಾ, ಗಂಗಾಧರಯ್ಯ ಕೇಳುತ್ತಿದ್ದಾನೆ, ಕವನಾ ತನ್ನ ಹೆಬ್ಬೆರಳನ್ನು ಆ ಗುರುತಿನ ಪಕ್ಕಕ್ಕಿಡುತ್ತಾಳೆ, ಕಡಲೆಬೀಜದಷ್ಟು ಹಳದಿ ಹೆಬ್ಬೆರಳು, ಗೆರೆಗಳೆಲ್ಲ ಹಾಗ್ಹಾಗೇ ಇವೆ, ಹಳದಿ ಹೆಬ್ಬೆರಳು —