ಹಿಂದಕ್ಕೆ ನಡೆಯುವ ದರ್ಜಿ

ನಮ್ಮ ಬೀದಿಯಲ್ಲಿ ನನ್ನಷ್ಟು ಅಂದವಾಗಿ ಸತ್ತವರು ಇದುವರೆಗೆ ಯಾರೂ ಇಲ್ಲ. ಆ ಸಾವನ್ನು ಕಣ್ಣಾರೆ ಕಂಡ ಬೇಕರಿಯವನು ಮೂರು ದಿನ ಒಲೆ ಹೊತ್ತಿಸಲಿಲ್ಲ, ಎದುರುಮನೆಯ ಬೆಕ್ಕು ಹಾಲು ಮುಟ್ಟಲಿಲ್ಲ. ಅಂಥ ಮರಣವನ್ನು ನನ್ನೊಳಗಿಂದ ಹೊರತೆಗೆದವಳು ನಮ್ಮ ಕಟ್ಟಡದ ಕೆಳಗಿನ ಅಂಗಡಿಯ ದರ್ಜಿ. ಬೀದಿಯವರು ಅವಳಿಗಿಟ್ಟ ಹೆಸರು ಡೈರೆಕ್ಟರಮ್ಮ.

ಅವಳು ಮುಂದಕ್ಕೆ ನಡೆದದ್ದನ್ನು ಯಾರಾದರೂ ನೋಡಿ ಎರಡು ವರ್ಷವಾಯಿತು. ನಮ್ಮ ಬೀದಿಯ ಬದುಕನ್ನೇ ಆರು ಕಂತುಗಳ ವೆಬ್ ಸರಣಿಯಾಗಿ ಸ್ವಂತ ಫೋನಿನಲ್ಲಿ ಚಿತ್ರಿಸಲು ಸಂಕಲ್ಪಿಸಿದಂದಿನಿಂದ, ನಟರ ಮುಖಕ್ಕೆ ಫೋನು ಹಿಡಿದು ಹಿಂದಹಿಂದಕ್ಕೆ ಸರಿಯುವುದೇ ಅವಳ ಸಹಜಗತಿಯಾಗಿಬಿಟ್ಟು, ಬೇಕರಿಯವನ ಬ್ರೆಡ್ಡಿನ ತಟ್ಟೆಗಳನ್ನೂ ಅಂಚೆಯವನ ಸೈಕಲ್ಲನ್ನೂ ಒಮ್ಮೆ ನನ್ನ ಅಳಿಯನನ್ನೂ ಕೆಡವಿದ್ದಾಳೆ. ಅಳಿಯನ ವಿಷಯದಲ್ಲಿ ನನ್ನ ದೂರೇನಿಲ್ಲ. ಅವಳ ಮೈಮೇಲೆ ಯಾವನೋ ಗಿರಾಕಿ ಹೊಲಿಸಿ ಮರೆತುಹೋದ ಬೂದುಬಣ್ಣದ ಕೋಟು ಮೊಣಕಾಲಿನವರೆಗೆ, ಕೊರಳಲ್ಲಿ ಅಳತೆಯ ಟೇಪು, ಹಲ್ಲುಗಳ ನಡುವೆ ಸದಾ ಎರಡು ಗುಂಡುಸೂಜಿ. ಅವಳ ಆಜ್ಞೆಗಳೆಲ್ಲ ಆ ಸೂಜಿಗಳ ಸಂದಿಯಿಂದಲೇ ನುಸುಳಿ ಬರಬೇಕು: "ಇನ್ನೊಂದ್ಸಲ ಅಜ್ಜ, ಸುಮ್ನೆ."

ಆ 'ಸುಮ್ನೆ' ಏನೆಂಬುದನ್ನು ನನ್ನ ಮೊಣಕಾಲುಗಳನ್ನು ಕೇಳಿ.

ದರ್ಜಿಗಳು ಒಂದೊಂದೇ ಅಂಗಿ ಹೊಲಿದು ಮುಗಿಸುವುದಿಲ್ಲವಂತೆ. ಎಲ್ಲ ತೋಳುಗಳು ಒಂದು ದಿನ, ಎಲ್ಲ ಕಾಲರುಗಳು ಇನ್ನೊಂದು ದಿನ. ಚಿತ್ರಕ್ಕೂ ಅವಳದು ಅದೇ ಶಾಸ್ತ್ರ. ಆರು ಕಂತುಗಳ ಅಳುವನ್ನೆಲ್ಲ ಒಂದೇ ಭಾನುವಾರ ಅತ್ತು ಮುಗಿಸಿದೆವು. ಬೀದಿಯ ಚರಂಡಿ ಉಕ್ಕಿ ಹರಿಯಿತು. ಸೋಮವಾರವಿಡೀ ನಗು. ಬುಧವಾರ ನನ್ನ ಮೆಟ್ಟಿಲು. ನಮ್ಮ ಕಟ್ಟಡದ ಹಳೆಯ ಮರದ ಮೆಟ್ಟಿಲ ಮೇಲೆ ಬಟ್ಟೆಗೆ ಗೀಚುವ ಸೀಮೆಸುಣ್ಣದಿಂದ ನನ್ನ ಪಾದಗಳಿಗೆ ಗುರುತು ಹಾಕಿ, ಎಲ್ಲ ಕಂತುಗಳಿಗೂ ಸಾಕಾಗುವಷ್ಟು, ಅಂದರೆ ಕಡಮೆಯೆಂದರೂ ನಾಲ್ಕು ಸಾವಿರ ಸಲ, ಹತ್ತಿಸಿದಳು.

ಆ ಮೆಟ್ಟಿಲಿಗಾಗಿಯೇ ಅವಳ ಆತುರವೆಲ್ಲ. ಅದನ್ನು ಕಿತ್ತು ಲಿಫ್ಟ್ ಹಾಕಿಸುತ್ತೇನೆಂದು ಕಟ್ಟಡದ ಮಾಲೀಕ ಬಾಗಿಲಿಗೆ ಚೀಟಿ ಅಂಟಿಸಿದ್ದ. ಅವಳ ತಾಯಿ ಮೆಟ್ಟಿಲಡಿಯ ಇಕ್ಕಟ್ಟಿನಲ್ಲೇ ಹೊಲಿಗೆಯಂತ್ರ ಇಟ್ಟುಕೊಂಡು ಮಗಳನ್ನು ಬೆಳೆಸಿದವಳು. ತಾಯಿ ಹೋದರೂ ಯಂತ್ರ ಅಲ್ಲೇ ಇತ್ತು. "ಇದೂ ಹೋದ್ಮೇಲೆ ನಮ್ಮಮ್ಮ ಎಲ್ಲಿ ಕೂರ್ತಿದ್ಲು ಅಂತ ಯಾರಿಗೆ ಏನ್ ತೋರಿಸ್ಲಿ?" ಎಂದು ಒಮ್ಮೆ ಮಾತ್ರ, ಸೂಜಿಗಳನ್ನು ಬಾಯಿಂದ ತೆಗೆದು, ಹೇಳಿದ್ದಳು.

ಕಳೆದ ವಾರ ಮೆಟ್ಟಿಲನ್ನು ಕಿತ್ತರು. ಮರುದಿನ ಕಂತುಗಳನ್ನು ಜೋಡಿಸಲು ಕೂತಾಗ ಅನರ್ಥ ಬಯಲಾಯಿತು. ಮೂರನೆಯ ಕಂತಿನಲ್ಲಿ ಸತ್ತ ನಾನು, ಐದನೆಯ ಕಂತಿನಲ್ಲಿ ಪತ್ರಿಕೆ ಕಂಕುಳಲ್ಲಿಟ್ಟುಕೊಂಡು ಏದುಸಿರು ಬಿಡುತ್ತ ಮೇಲೇರುತ್ತಿದ್ದೇನೆ! ಅದನ್ನು ಮೊದಲ ಕಂತಿಗೆ ಎತ್ತಿಹಾಕೋಣವೆಂದರೆ, ಅದರಲ್ಲಿ ನನ್ನ ಕೈ ಹಿಡಿದುಕೊಂಡಿರುವ ಮೊಮ್ಮಗಳ ಪಾತ್ರದವಳು ನಾಲ್ಕನೆಯ ಕಂತಿನಲ್ಲಿ ಮುರಿದುಕೊಂಡ ಕಾಲಿಗೆ ಪಟ್ಟಿ ಕಟ್ಟಿಕೊಂಡಿದ್ದಾಳೆ. ಇಷ್ಟರ ಮೇಲೆ, ಮೆಟ್ಟಿಲಡಿಯ ಆ ಯಂತ್ರ ಬೆಳಕಿನಲ್ಲಿ ಸ್ಪಷ್ಟವಾಗಿ ಕಾಣುವುದು ಆ ಒಂದೇ ದೃಶ್ಯದಲ್ಲಿ.

"ಹತ್ತೋದನ್ನ ಕಿತ್ತು ಬಿಸಾಕು, ಮುಗೀತು" ಎಂದೆ, ಔದಾರ್ಯದಿಂದ.

ಅವಳೋ, ತಪ್ಪಿದ ಹೊಲಿಗೆ ಬಿಚ್ಚುವಷ್ಟೇ ನಿರಾಳವಾಗಿ ನನ್ನ ಸಾವನ್ನು ಬಿಚ್ಚಿ ತೆಗೆದಳು. ಭಾನುವಾರ ನನಗಾಗಿ ಎದೆ ಬಡಿದುಕೊಂಡವರೆಲ್ಲ ಈಗ ಸಾವಿಗೆ ಮುಂಚಿನ ದೃಶ್ಯದ ನನ್ನ ನೆಗಡಿಗೆ ಎದೆ ಬಡಿದುಕೊಳ್ಳುತ್ತಿದ್ದಾರೆ.

"ಅಯ್ಯೋ ಪುಣ್ಯಾತ್ಗಿತ್ತಿ, ಅದನ್ನ ನೋಡಿ ಬೇಕರಿಯವನು ಗಳಗಳ ಅತ್ತಿದ್ದನಲ್ಲೇ!"

"ಅತ್ತಿದ್ದಲ್ಲ ಅಜ್ಜ, ನಗು ತಡ್ಕೊಂಡಿದ್ದು. ಸತ್ತ ಮೇಲೆ ಎರಡು ಸಲ ಮೂಗು ಕೆರ್ಕೊಂಡ್ರಿ ನೀವು."

ತಮ್ಮ ಬೀದಿಯನ್ನು ತಾವೇ ಚಿತ್ರಿಸಹೊರಡುವ ಈ ಬಗೆಯವರೊಡನೆ ವಾದಿಸಿ ಗೆದ್ದವರುಂಟೆ? ಅವರ ಕಣ್ಣಿಗೆ ನಾವು ಮನುಷ್ಯರಲ್ಲ, ಮೆಟ್ಟಿಲು ಎಷ್ಟೆತ್ತರವಿತ್ತೆಂದು ತೋರಿಸಲು ಪಕ್ಕದಲ್ಲಿ ನಿಲ್ಲಿಸಿದ ಅಳತೆಗೋಲುಗಳು. ದೂರವಾಗುತ್ತಿರುವುದರ ಮೇಲೆ ನೆಟ್ಟ ದೃಷ್ಟಿಯನ್ನು ಕೀಳಲಾರದೆ ಹಿಂದಕ್ಕೆ ನಡೆಯುವ ಇವರಿಗೆ, ಬೆನ್ನ ಹಿಂದೆ ಯಾರು ಉರುಳಿಬಿದ್ದರೆಂಬುದರ ಪರಿವೆಯೇ ಇರುವುದಿಲ್ಲ. ಇಷ್ಟನ್ನೂ ಅವಳ ಮುಖಕ್ಕೇ ಹೇಳಿ, ನನ್ನ ಸಾವನ್ನು ವಾಪಸು ಕೊಡೆಂದು ಕೇಳಿದೆ.

ಅವಳು ಎರಡನೆಯ ಬಾರಿಗೆ ಸೂಜಿಗಳನ್ನು ಬಾಯಿಂದ ತೆಗೆದಳು.

"ಸಾಯೋಕೆ ನಿಮಗಾದ್ರೆ ಇನ್ನೊಂದ್ಸಲ ಇದೆ ಅಜ್ಜ. ಮೆಟ್ಟಿಲಿಗೆ ಎಲ್ಲಿದೆ?"